ಕೊನೆಯ ಕಾಗದಕ್ಕೆ ಹೊಣೆಗಾರರು ಯಾರು?

(ಹಂಸಭಾವಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



2025ರ ಜನವರಿ 30ರಂದು ನಮ್ಮ ರಾಜ್ಯದ ಆರೋಗ್ಯ ಇಲಾಖೆಯಿಂದ ಒಂದು ಸುತ್ತೋಲೆ ಹೊರಬಿತ್ತು. ವಾಸಿಯಾಗುವ ಆಸೆ ಇಲ್ಲದ, ಯಂತ್ರದ ಆಸರೆಯಲ್ಲಷ್ಟೇ ಉಸಿರು ನಡೆದಿರುವ ರೋಗಿಯ ಚಿಕಿತ್ಸೆಯನ್ನು ಯಾವ ಕ್ರಮದಲ್ಲಿ ನಿಲ್ಲಿಸಬಹುದು ಎಂಬುದು ಅದರ ವಿಷಯ. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದನ್ನು ಐತಿಹಾಸಿಕ ಆದೇಶವೆಂದರು. ಪತ್ರಿಕೆಗಳು 'ದಯಾಮರಣ' ಎಂದು ದಪ್ಪಕ್ಷರದಲ್ಲಿ ಹಾಕಿದವು. ವರದಿಗಾರರು ದಾವಣಗೆರೆಯತ್ತ ಹೊರಳಿದರು.

ಅಲ್ಲಿ ಎಚ್.ಬಿ. ಕರಿಬಸಮ್ಮ ಇದ್ದರು. 85ರ ಆಸುಪಾಸಿನ ನಿವೃತ್ತ ಶಿಕ್ಷಕಿ. ಬೆನ್ನುಮೂಳೆಯ ನೋವು ಹೊತ್ತುಕೊಂಡೇ ಎರಡು ದಶಕಕ್ಕೂ ಹೆಚ್ಚು ಕಾಲ ಘನತೆಯಿಂದ ಸಾಯುವ ಹಕ್ಕು ಕೊಡಿ ಎಂದು ಮುಖ್ಯಮಂತ್ರಿಯಿಂದ ಹಿಡಿದು ರಾಷ್ಟ್ರಪತಿಯವರೆಗೆ ಪತ್ರ ಬರೆದವರು. ಮನೆ ಮಾರಿ ವೃದ್ಧಾಶ್ರಮ ಸೇರಿದವರು. ಆದೇಶ ಬಂತೆಂದು ಕೇಳಿ ತಮ್ಮ ಹೋರಾಟಕ್ಕೆ ಫಲ ಸಿಕ್ಕಿತೆಂದು ಅವರು ಸಂತೋಷಪಟ್ಟರು. ಆದರೆ ಆ ಆದೇಶ ಅವರಿಗೆ ಅನ್ವಯಿಸುತ್ತಲೇ ಇರಲಿಲ್ಲ. ಅವರು ಐಸಿಯುದಲ್ಲಿರಲಿಲ್ಲ, ವೆಂಟಿಲೇಟರ್ ಮೇಲಿರಲಿಲ್ಲ. ನಿಲ್ಲಿಸುವುದಕ್ಕೆ ಅಲ್ಲಿ ಯಾವ ಯಂತ್ರವೂ ಇರಲಿಲ್ಲ. ಇದನ್ನು ದಯಾಮರಣವೆಂದು ತಿಳಿಯಬಾರದು, ಜೀವರಕ್ಷಕ ಯಂತ್ರದ ಮೇಲಿದ್ದು ಚಿಕಿತ್ಸೆಗೆ ಸ್ಪಂದಿಸದವರಿಗೆ ಮಾತ್ರ ಇದು ಎಂದು ಸಚಿವರೇ ಸ್ಪಷ್ಟಪಡಿಸಬೇಕಾಯಿತು.

ಅಷ್ಟು ವರ್ಷ ಕೇಳಿದವರಿಗೆ ಸಿಗಲಿಲ್ಲ; ಸಿಕ್ಕಿದ್ದು ಬಾಯಿಬಿಟ್ಟು ಕೇಳಲಾಗದ ಸ್ಥಿತಿಯಲ್ಲಿರುವವರಿಗೆ. ಇದರಲ್ಲಿ ವಿರೋಧಾಭಾಸ ಕಾಣುವುದು ಸಹಜ. ಆದರೆ ಕಾನೂನು ಗೆರೆ ಎಳೆದಿರುವುದು ಅಲ್ಲಿಯೇ. ಸೂಜಿಮದ್ದು ಕೊಟ್ಟು ಜೀವ ತೆಗೆಯುವುದು ಈ ದೇಶದಲ್ಲಿ ಇಂದಿಗೂ ಅಪರಾಧ. ಬೇಡವಾದ, ಫಲವಿಲ್ಲದ ಚಿಕಿತ್ಸೆಯನ್ನು ನಿಲ್ಲಿಸಿ ಕಾಯಿಲೆ ತನ್ನ ದಾರಿ ಹಿಡಿಯಲು ಬಿಡುವುದು ಅಪರಾಧವಲ್ಲ. ನೆದರ್ಲೆಂಡ್ಸ್, ಬೆಲ್ಜಿಯಂ ದೇಶಗಳು 2002ರಲ್ಲಿ ಮೊದಲನೆಯದಕ್ಕೂ ಬಾಗಿಲು ತೆರೆದವು. ನಾವು ಎರಡನೆಯದರ ಹೊಸ್ತಿಲಲ್ಲಿ ನಿಂತಿದ್ದೇವೆ. ಮೊದಲನೆಯದು ಬೇಕೋ ಬೇಡವೋ ಎಂಬ ವಾದಕ್ಕೆ ಈ ಸಂಜೆ ನಾನು ಇಳಿಯುವುದಿಲ್ಲ. ಕೊಟ್ಟಿದ್ದೇವೆ ಎಂದು ಕಾಗದದ ಮೇಲೆ ಬರೆದದ್ದಾದರೂ ನಮ್ಮ ಈ ಹಿರೇಕೆರೂರು ಸೀಮೆಯ ಒಂದು ಮನೆಗೆ ತಲುಪುತ್ತದೆಯೇ, ತಲುಪದಿದ್ದರೆ ತಡೆದು ನಿಲ್ಲಿಸಿದವರು ಯಾರು, ಇದಷ್ಟೇ ನನ್ನ ವಿಷಯ. ನಾನು ವೈದ್ಯನಲ್ಲ, ಕೋರ್ಟು ಕಚೇರಿಯಲ್ಲಿ ಆಯುಷ್ಯ ಕಳೆದವನು. ಕಾಗದಪತ್ರದ ಕಡೆಯಿಂದಲೇ ನನಗೆ ಇದು ಕಾಣುತ್ತದೆ.

ಈ ಕತೆಯಲ್ಲಿ ಕನ್ನಡದ ನೆಲಕ್ಕೆ ಒಂದು ಹಳೆಯ ಋಣವಿದೆ. ಹೊನ್ನಾವರದ ಹತ್ತಿರದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದ ಹುಡುಗಿ ಅರುಣಾ ಶಾನಭಾಗ. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿ ಕಟ್ಟುವ ಸರಪಳಿಯಿಂದ ಆಕೆಯ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ರಕ್ತ ಹೋಗದೆ ಆಕೆ ಮತ್ತೆ ಏಳಲಿಲ್ಲ. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ನಾಲ್ಕು ದಶಕಕ್ಕೂ ಮಿಕ್ಕಿ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಇದ್ದರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಕೆಇಎಂ ನರ್ಸುಗಳು ಒಟ್ಟಾಗಿ ವಿರೋಧಿಸಿದರು. 2011ರ ಮಾರ್ಚ್ 7ರಂದು ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ ಅರ್ಜಿಯನ್ನು ತಳ್ಳಿಹಾಕಿದರು. ತಳ್ಳಿಹಾಕುತ್ತಲೇ, ಹೈಕೋರ್ಟಿನ ಅನುಮತಿ ಪಡೆದು ಇಂಥವರ ಚಿಕಿತ್ಸೆ ನಿಲ್ಲಿಸಬಹುದು ಎಂಬ ಬಾಗಿಲನ್ನೂ ತೆರೆದರು.

ಆ ತೀರ್ಪಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಭಾಗ ಬೇರೆ. ಅರುಣಾ ಪರವಾಗಿ ಮಾತಾಡುವ ಅಧಿಕಾರ ಯಾರಿಗೆ ಎಂದು ಕೋರ್ಟು ಕೇಳಿಕೊಂಡಿತು. ಪುಸ್ತಕ ಬರೆದವರಿಗಲ್ಲ, ದಿನವೂ ಮೈ ತೊಳೆದು, ಮಗ್ಗುಲು ಬದಲಿಸಿ, ಬಾಯಿಗೆ ಅನ್ನ ಹಾಕಿದ ಆಸ್ಪತ್ರೆಯ ಸಿಬ್ಬಂದಿಗೆ ಎಂದು ಉತ್ತರ ಕೊಟ್ಟಿತು. ಅಷ್ಟು ವರ್ಷ ಮಲಗಿದವರ ಮೈಮೇಲೆ ಹಾಸಿಗೆಹುಣ್ಣು ಆಗದಂತೆ ನೋಡಿಕೊಂಡ ನರ್ಸುಗಳ ಮಾತಿಗೆ ನ್ಯಾಯಾಲಯ ತೂಕ ಕೊಟ್ಟದ್ದು ಸರಿಯೆಂದೇ ನನಗೆ ತೋರುತ್ತದೆ. ಆದರೆ ಅರುಣಾ ಅವರನ್ನೇ ಕೇಳುವ ದಾರಿ ಮಾತ್ರ ಯಾರ ಬಳಿಯೂ ಇರಲಿಲ್ಲ. ಬಾಯಿ ಇದ್ದಾಗಲೇ ಮಾತು ಬರೆದಿಡುವ ಪದ್ಧತಿ, ಅಂದರೆ ಇಂದು ನಾವು ಮುಂಗಡ ವೈದ್ಯಕೀಯ ನಿರ್ದೇಶನ ಅಥವಾ ಲಿವಿಂಗ್ ವಿಲ್ ಎನ್ನುವುದು, ಹುಟ್ಟಿದ್ದು ಈ ಕೊರತೆಯಿಂದ.

ಅದಕ್ಕಾಗಿ ಕಾಮನ್ ಕಾಸ್ ಎಂಬ ಸಂಸ್ಥೆ 2005ರಲ್ಲೇ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತ್ತು. ತೀರ್ಪು ಬಂದದ್ದು 2018ರ ಮಾರ್ಚ್ 9ಕ್ಕೆ. ನಡುವಿನ ಹದಿಮೂರು ವರ್ಷ ಸರಕಾರಗಳು ಏನು ಮಾಡಿದವು ಎಂದು ಹಿಂತಿರುಗಿ ನೋಡಿದರೆ ನಮ್ಮ ರಾಜಕಾರಣದ ಜಾಣತನ ತಿಳಿಯುತ್ತದೆ. 2006ರಲ್ಲಿ ಕಾನೂನು ಆಯೋಗ ತನ್ನ 196ನೆಯ ವರದಿಯಲ್ಲಿ ಮಸೂದೆಯನ್ನೇ ಬರೆದು ಕೈಗಿಟ್ಟಿತು. ಯಾರೂ ಮುಟ್ಟಲಿಲ್ಲ. ಅರುಣಾ ತೀರ್ಪಿನ ನಂತರ 2012ರಲ್ಲಿ 241ನೆಯ ವರದಿ ಬಂತು. ಅದನ್ನೂ ಮುಟ್ಟಲಿಲ್ಲ. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಕರಡು ಮಸೂದೆಯನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟಿತು. ಅದು ಕರಡಾಗಿಯೇ ಉಳಿಯಿತು. 2017ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಕೇಂದ್ರದ ವಕೀಲರು, ಚಿಕಿತ್ಸೆ ನಿಲ್ಲಿಸುವುದಕ್ಕೆ ತಕರಾರಿಲ್ಲ, ಆದರೆ ಲಿವಿಂಗ್ ವಿಲ್ ಬೇಡ, ಅದು ದುರ್ಬಳಕೆಯಾಗುತ್ತದೆ ಎಂದರು. ಕಾಂಗ್ರೆಸ್ ಇದ್ದಾಗಲೂ ಇದೇ ಮೌನ, ಬಿಜೆಪಿ ಬಂದಾಗಲೂ ಇದೇ ಮೌನ. ಬೇರೆಲ್ಲದರಲ್ಲಿ ಹಾವು ಮುಂಗುಸಿಯಂತಿರುವ ಎರಡು ಪಕ್ಷಗಳು ಇದೊಂದರಲ್ಲಿ ಮಾತಿಲ್ಲದೆ ಒಂದಾದವು.

ಕಾರಣ ಗುಟ್ಟಿನದಲ್ಲ. ಇದರಿಂದ ಒಂದೂ ಓಟು ಹುಟ್ಟುವುದಿಲ್ಲ, ನೂರು ಓಟು ಹೋಗಬಹುದು. 'ಮುದುಕರನ್ನು ಸಾಯಿಸುವ ಸರಕಾರ' ಎಂದು ಎದುರಾಳಿ ಒಂದು ಭಾಷಣ ಬಿಗಿದರೆ ಮುಗಿಯಿತು. ಹಾಗಾಗಿ ಶಾಸನಸಭೆ ಕೈ ಕಟ್ಟಿ ಕೂತಿತು, ಕೋರ್ಟು ಶಾಸನ ಬರೆಯಿತು, ಇಲಾಖೆ ಸುತ್ತೋಲೆ ಹೊರಡಿಸಿತು. ಶಾಸಕರು ನಿರ್ಧರಿಸಬೇಕಾದ್ದನ್ನು ಗುಮಾಸ್ತರ ಟಪಾಲಿನಲ್ಲಿ ಕಳಿಸುವ ಈ ಪದ್ಧತಿಗೆ ಬೆಲೆ ತೆರುವವರು ಯಾರೆಂಬುದನ್ನು ಮುಂದೆ ಹೇಳುತ್ತೇನೆ.

2018ರ ತೀರ್ಪಿನ ಕಾರ್ಯವಿಧಾನವನ್ನು ಒಮ್ಮೆ ಈ ಊರಿಗೆ ಇಳಿಸಿ ನೋಡಿ. ಲಿವಿಂಗ್ ವಿಲ್ ಬರೆದವರು ಇಬ್ಬರು ಸಾಕ್ಷಿಗಳೊಂದಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ, ಅಂದರೆ ಜೆಎಂಎಫ್‌ಸಿ ನ್ಯಾಯಾಧೀಶರ ಸಹಿ ಪಡೆಯಬೇಕಿತ್ತು. ಕಾಯಿಲೆ ಕೊನೆಯ ಹಂತಕ್ಕೆ ಬಂದಾಗ ಆಸ್ಪತ್ರೆಯ ವೈದ್ಯರ ಮಂಡಳಿ ಕೂಡಬೇಕು. ಅದು ಜಿಲ್ಲಾಧಿಕಾರಿಗೆ ತಿಳಿಸಬೇಕು. ಜಿಲ್ಲಾಧಿಕಾರಿ ಇನ್ನೊಂದು ಮಂಡಳಿ ರಚಿಸಬೇಕು. ಅದೂ ಒಪ್ಪಿದ ಮೇಲೆ ನ್ಯಾಯಾಧೀಶರು ಖುದ್ದಾಗಿ ರೋಗಿಯ ಹಾಸಿಗೆಯ ಬಳಿ ಬಂದು ನೋಡಬೇಕು. ಜಮೀನಿನ ಒಂದು ಪಾಲುವಾಟ್ನಿ ದಾವೆಗೆ ವರ್ಷಗಟ್ಟಲೆ ತಾರೀಕು ಬೀಳುವ ನಮ್ಮ ಕೋರ್ಟುಗಳಲ್ಲಿ ಕೂತವನಿಗೆ ಇದನ್ನೋದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತೀವ್ರ ನಿಗಾ ಘಟಕದ ವೈದ್ಯರ ಸಂಘವೇ 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ, ಸ್ವಾಮಿ, ಇದು ನಡೆಯುವ ಮಾತಲ್ಲ ಎಂದಿತು. 2023ರ ಜನವರಿ 24ರಂದು ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಅವರ ಪೀಠ ದಾರಿಯನ್ನು ಹಸನು ಮಾಡಿತು.

ಈಗ ನ್ಯಾಯಾಧೀಶರ ಬದಲು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಆಸ್ಪತ್ರೆಯಲ್ಲಿ ಮೊದಲ ಮಂಡಳಿ: ಚಿಕಿತ್ಸೆ ಕೊಡುತ್ತಿರುವ ವೈದ್ಯರು, ಜೊತೆಗೆ ಕನಿಷ್ಠ 5 ವರ್ಷದ ಅನುಭವವಿರುವ ಇಬ್ಬರು ತಜ್ಞರು. ಎರಡನೆಯ ಮಂಡಳಿಯಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿ ನೇಮಿಸಿದ ಒಬ್ಬ ವೈದ್ಯರು, ಮೊದಲ ಮಂಡಳಿಯಲ್ಲಿಲ್ಲದ ಇನ್ನಿಬ್ಬರು ತಜ್ಞರು. ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ರೋಗಿ ಹೆಸರಿಸಿದವರು ಅಥವಾ ಹತ್ತಿರದ ಸಂಬಂಧಿಕರು ಒಪ್ಪಬೇಕು. ಯಂತ್ರ ತೆಗೆಯುವ ಮೊದಲು ಜೆಎಂಎಫ್‌ಸಿ ನ್ಯಾಯಾಧೀಶರಿಗೆ ತಿಳಿಸಬೇಕು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಕರ್ನಾಟಕದ ಸುತ್ತೋಲೆ ಮಾಡಿದ್ದು ಮುಖ್ಯವಾಗಿ ಒಂದೇ: ಆ ಎರಡನೆಯ ಮಂಡಳಿಗೆ ಜಿಲ್ಲಾ ಆರೋಗ್ಯಾಧಿಕಾರಿ ವೈದ್ಯರನ್ನು ನೇಮಿಸಬೇಕು ಎಂದು ಹೇಳಿದ್ದು. ಇಷ್ಟಕ್ಕೇ ಐತಿಹಾಸಿಕ ಎನ್ನಬೇಕೇ ಎಂದರೆ, ಹೌದು, ಎನ್ನಬೇಕು. ಏಕೆಂದರೆ ಬಹಳಷ್ಟು ರಾಜ್ಯಗಳು ಇಷ್ಟನ್ನೂ ಮಾಡಲಿಲ್ಲ. ಮಹಾರಾಷ್ಟ್ರದಲ್ಲಿ ವೈದ್ಯ ನಿಖಿಲ್ ದಾತಾರ್ ಬಾಂಬೆ ಹೈಕೋರ್ಟಿಗೆ ಹೋದ ಮೇಲೆ ಲಿವಿಂಗ್ ವಿಲ್ ಕಾದಿಡುವುದಕ್ಕೆ 400ಕ್ಕೂ ಹೆಚ್ಚು ಅಧಿಕಾರಿಗಳ ನೇಮಕವಾಯಿತು. ಗೋವಾದಲ್ಲಿ 2024ರ ಮೇ ತಿಂಗಳಲ್ಲಿ ಹೈಕೋರ್ಟ್ ನ್ಯಾಯಮೂರ್ತಿ ಎಂ.ಎಸ್. ಸೋನಕ್ ಅವರೇ ಮುಂದೆ ಬಂದು ತಮ್ಮ ಲಿವಿಂಗ್ ವಿಲ್ ನೋಂದಾಯಿಸಿದರು.

ಆ ಕಾಗದವನ್ನು ಯಾರ ಕೈಗೆ ಕೊಡಬೇಕು ಗೊತ್ತೇ? 2023ರ ತೀರ್ಪಿನಲ್ಲಿ ಸ್ಪಷ್ಟವಾಗಿದೆ: ಮಹಾನಗರ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿ ಒಬ್ಬ ಅಧಿಕಾರಿಯನ್ನು ಹೆಸರಿಸಬೇಕು, ಅವರೇ ಅದರ ಪಾಲಕರು. ಅಂದರೆ ಹಂಸಭಾವಿಯವರ ಕಾಗದದ ಪಾಲಕರು ಹಂಸಭಾವಿಯ ಗ್ರಾಮ ಪಂಚಾಯಿತಿಯಲ್ಲೇ ಇರಬೇಕು. ದೆಹಲಿಯ ಸಂವಿಧಾನ ಪೀಠದಲ್ಲಿ ಹೊರಟ ಹಕ್ಕೊಂದು ಕೊನೆಗೆ ಬಂದು ಕೂರುವುದು ಇ-ಸ್ವತ್ತು, ನರೇಗಾ ಹಾಜರಿ, ನೀರಿನ ಕರದ ರಸೀದಿಗಳ ನಡುವೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ, ಅಂದರೆ ಪಿಡಿಒ ಅವರ ಕಪಾಟಿನಲ್ಲಿ. ಇದನ್ನು ನಾನು ಗೇಲಿಗೆ ಹೇಳುತ್ತಿಲ್ಲ. ಅದು ಇರಬೇಕಾದ ಜಾಗ ಅದೇ. ರಾತ್ರಿ ಎರಡು ಗಂಟೆಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ಈ ಕಾಗದ ಬೇಕಾದಾಗ ಆ ಕಪಾಟಿನ ಬೀಗದ ಕೈ ಯಾರ ಹತ್ತಿರ ಎಂಬ ಪ್ರಶ್ನೆಗೆ ಮಾತ್ರ ಸುತ್ತೋಲೆಯಲ್ಲಿ ಉತ್ತರ ಹುಡುಕಬೇಡಿ. ಆರೋಗ್ಯ ಇಲಾಖೆ ಬರೆದದ್ದು ಗ್ರಾಮೀಣಾಭಿವೃದ್ಧಿ ಇಲಾಖೆಯ ಮೇಜಿಗೆ ಬರಬೇಕು, ಅಲ್ಲಿಂದ ಜಿಲ್ಲಾ ಪಂಚಾಯಿತಿಗೆ, ತಾಲ್ಲೂಕು ಪಂಚಾಯಿತಿಗೆ, ಇಲ್ಲಿಗೆ. ಈ ನಡಿಗೆ ಎಷ್ಟು ಬೇಗದ್ದು ಎಂಬುದನ್ನು ಮನೆಯ ಉತಾರಕ್ಕೆ ಅರ್ಜಿ ಕೊಟ್ಟವರೆಲ್ಲ ಬಲ್ಲಿರಿ.

ಸುತ್ತೋಲೆಗೂ ಶಾಸನಕ್ಕೂ ಇರುವ ವ್ಯತ್ಯಾಸ ಇಲ್ಲಿ ಕೈಗೆ ಹತ್ತುತ್ತದೆ. ಸಂವಿಧಾನದಲ್ಲಿ ಆಸ್ಪತ್ರೆಗಳು ರಾಜ್ಯಪಟ್ಟಿಯಲ್ಲಿವೆ, ವೈದ್ಯ ವೃತ್ತಿ ಮತ್ತು ಅಪರಾಧ ಕಾನೂನು ಸಮವರ್ತಿ ಪಟ್ಟಿಯಲ್ಲಿವೆ. ವೈದ್ಯರಿಗೆ ಪೊಲೀಸರ ಭಯವಿಲ್ಲದಂತೆ ಮಾಡುವ ಗಟ್ಟಿ ಶಾಸನ ಸಂಸತ್ತಿನಿಂದ ಬಂದರೆ ಒಳ್ಳೆಯದು. ಈಗಿರುವ ರಕ್ಷಣೆ ಸುಪ್ರೀಂ ಕೋರ್ಟಿನ ತೀರ್ಪಿನದು. ತೀರ್ಪಿನಲ್ಲೇ, ಸಂಸತ್ತು ಕಾನೂನು ಮಾಡುವವರೆಗೆ ಎಂದು ಬರೆದಿದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಮಾರ್ಗಸೂಚಿಯ ಕರಡನ್ನು ಹೊರಬಿಟ್ಟಾಗ ಭಾರತೀಯ ವೈದ್ಯಕೀಯ ಸಂಘದ ಅಧ್ಯಕ್ಷರು, ಇದು ವೈದ್ಯರನ್ನು ಕಾನೂನಿನ ತನಿಖೆಗೂ ಒತ್ತಡಕ್ಕೂ ಒಡ್ಡುತ್ತದೆ ಎಂದು ತಕರಾರು ಎತ್ತಿದರು. ಸಂಘದ ಎಲ್ಲ ತಕರಾರೂ ನನಗೆ ಒಪ್ಪಿಗೆಯಿಲ್ಲ. ಆದರೆ ಹೆಣದ ಮುಂದೆ ಸಂಬಂಧಿಕರು ಗಾಜು ಒಡೆಯುವುದನ್ನು ಕಂಡ ಊರಿನಲ್ಲಿ ನಿಂತು, ವೈದ್ಯರ ಅಂಜಿಕೆ ಸುಳ್ಳು ಎಂದು ಹೇಳಲು ನನ್ನಿಂದಾಗದು.

ಹೊರಗಿನ ದೇಶಗಳಲ್ಲಿ ಈ ಜಗಳ ಶಾಸನಸಭೆಯ ಒಳಗೇ, ಎಲ್ಲರ ಕಣ್ಣೆದುರೇ ನಡೆಯಿತು. ಆಸ್ಟ್ರೇಲಿಯಾದ ಉತ್ತರದ ಭಾಗವಾದ ನಾರ್ದರ್ನ್ ಟೆರಿಟರಿಯ ಶಾಸನಸಭೆ 1995ರಲ್ಲೇ, ಜಗತ್ತಿನಲ್ಲೇ ಮೊದಲಿಗೆ, ಸ್ವಇಚ್ಛೆಯ ದಯಾಮರಣದ ಕಾನೂನು ಮಾಡಿತು. 1996ರ ಜುಲೈ 1ರಿಂದ ಅದು ಜಾರಿಗೆ ಬಂತು. ನಾಲ್ಕು ಮಂದಿ ಅದರಡಿ ತೀರಿಕೊಂಡರು. ಅಷ್ಟರಲ್ಲಿ 1997ರ ಮಾರ್ಚಿನಲ್ಲಿ ಕೇಂದ್ರದ ಸಂಸತ್ತು ಕೆವಿನ್ ಆಂಡ್ರೂಸ್ ಎಂಬ ಸದಸ್ಯರ ಮಸೂದೆ ಒಪ್ಪಿ ಆ ಕಾನೂನನ್ನು ಮುರಿದುಹಾಕಿತು. ಅಷ್ಟೇ ಅಲ್ಲ, ಟೆರಿಟರಿಗಳು ಮುಂದೆ ಈ ವಿಷಯದಲ್ಲಿ ಕಾನೂನು ಮಾಡುವಂತೆಯೇ ಇಲ್ಲ ಎಂದಿತು. ಆ ಬೇಲಿ ತೆಗೆಯಲು 2022ರ ಡಿಸೆಂಬರ್ ಬರಬೇಕಾಯಿತು. ನಡುವೆ, ಸಂಸತ್ತು ಹಾಗೆ ತಡೆಯಲಾಗದ ವಿಕ್ಟೋರಿಯಾ ರಾಜ್ಯ 2017ರಲ್ಲಿ ತನ್ನದೇ ಕಾನೂನು ಮಾಡಿ 2019ರಲ್ಲಿ ಜಾರಿಗೆ ತಂದಿತು. ಕೇಂದ್ರ-ರಾಜ್ಯ ಜಗಳ ನಮಗೇನು ಹೊಸದಲ್ಲ. ಆದರೆ ಅಲ್ಲಿ ಎರಡೂ ಕಡೆಯವರು ಎದ್ದು ನಿಂತು ತಮ್ಮ ಹೆಸರಿನಲ್ಲಿ ಓಟು ಹಾಕಿದರು. ಬ್ರಿಟನ್ನಿನಲ್ಲಿ ಕಿಮ್ ಲೆಡ್‌ಬೀಟರ್ ತಂದ ಖಾಸಗಿ ಮಸೂದೆ 2024ರ ನವೆಂಬರ್ 29ರಂದು ಕೆಳಮನೆಯಲ್ಲಿ 330-275ರಿಂದಲೂ, 2025ರ ಜೂನ್ 20ರಂದು 314-291ರಿಂದಲೂ ಗೆದ್ದಿತು. ಪಕ್ಷದ ವಿಪ್ ಇರಲಿಲ್ಲ. ಪ್ರಧಾನಿ ಸ್ಟಾರ್ಮರ್ ಪರವಾಗಿ, ಅವರದೇ ಆರೋಗ್ಯ ಸಚಿವ ಸ್ಟ್ರೀಟಿಂಗ್ ವಿರುದ್ಧವಾಗಿ ಮತ ಹಾಕಿದರು. ಮೇಲ್ಮನೆಗೆ ಹೋದಾಗ ಸಾವಿರಕ್ಕೂ ಹೆಚ್ಚು ತಿದ್ದುಪಡಿಗಳು ಮಂಡನೆಯಾದವು. ನಮ್ಮದಕ್ಕೆ ಹತ್ತಿರದ ಉದಾಹರಣೆ ಕೊಲಂಬಿಯಾ: ಅಲ್ಲಿಯ ಸಂವಿಧಾನ ನ್ಯಾಯಾಲಯ 1997ರಲ್ಲಿ ಹಕ್ಕು ಕೊಟ್ಟಿತು, ಸರಕಾರ ನಿಯಮ ಮಾಡಿದ್ದು 2015ರಲ್ಲಿ. ಹದಿನೆಂಟು ವರ್ಷ ಹಕ್ಕು ಇತ್ತು, ಅರ್ಜಿ ಕೊಡುವ ಕಿಟಕಿ ಇರಲಿಲ್ಲ.

ಸಾವನ್ನು ಎದುರುಗೊಳ್ಳುವುದು ನಮ್ಮ ನೆಲಕ್ಕೆ ಹೊರಗಿನಿಂದ ಬಂದ ವಿಚಾರವೆಂದು ಯಾರಾದರೂ ಹೇಳಿದರೆ ಇದೇ ಜಿಲ್ಲೆಯ ಬಂಕಾಪುರವನ್ನು ತೋರಿಸಬೇಕು. ಗಂಗರ ಅರಸು ಮಾರಸಿಂಹ ರಾಜ್ಯ ಬಿಟ್ಟು, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಉಪವಾಸದ ಸಲ್ಲೇಖನ ವ್ರತ ಹಿಡಿದು, ಸುಮಾರು ಕ್ರಿ.ಶ. 974ರಲ್ಲಿ ದೇಹ ಬಿಟ್ಟದ್ದು ಬಂಕಾಪುರದಲ್ಲಿ. ಶ್ರವಣಬೆಳಗೊಳದ ಕಂಬದ ಶಾಸನ ಅದನ್ನು ಸಾರುತ್ತದೆ. ಆದರೆ ಈ ಉದಾಹರಣೆಯನ್ನು ಎಳೆದು ಐಸಿಯುದವರೆಗೆ ತರುವವರ ಜೊತೆ ನಾನಿಲ್ಲ. ಮಾರಸಿಂಹನದು ಧರ್ಮದ ವ್ರತ, ಎಚ್ಚರದಲ್ಲಿದ್ದವನ ನಿರ್ಧಾರ. ಅಂಥ ವ್ರತವನ್ನೂ ಆತ್ಮಹತ್ಯೆ ಎಂದು 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಹೇಳಿದ್ದು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟದ್ದು ಬೇರೆಯೇ ವ್ಯಾಜ್ಯ.

ಇನ್ನು ನಮ್ಮ ಮನೆಗಳಿಗೆ ಬರೋಣ. ನೀವೆಲ್ಲ ಕಂಡದ್ದನ್ನೇ ಹೇಳುತ್ತೇನೆ. ಹಿರೇಕೆರೂರು ಕಡೆಯ ರೈತನೊಬ್ಬನಿಗೆ ಹೊಲದಲ್ಲಿ ಲಕ್ವ ಹೊಡೆಯುತ್ತದೆ. ತಾಲ್ಲೂಕು ಆಸ್ಪತ್ರೆಯವರು ಮುಂದಕ್ಕೆ ಒಯ್ಯಿರಿ ಎನ್ನುತ್ತಾರೆ. ದಾವಣಗೆರೆಗೋ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಗಾಡಿ ಹೊರಡುತ್ತದೆ. 'ಮಷಿನ್ ಮ್ಯಾಲೆ ಇಟ್ಟಾರ' ಎಂದು ಊರಿಗೆ ಫೋನು ಬರುತ್ತದೆ. ಮನೆಯವರು ಐಸಿಯು ಹೊರಗಿನ ಕಾರಿಡಾರಿನಲ್ಲಿ ಚಾಪೆ ಹಾಸಿ, ರೊಟ್ಟಿ ಬುತ್ತಿ ಬಿಚ್ಚಿ, ಕರೆ ಬರುವುದನ್ನು ಕಾಯುತ್ತಾರೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ನಿಜ. ಆದರೆ ಎಲ್ಲ ಆಸ್ಪತ್ರೆಯಲ್ಲಿ ಇಲ್ಲ, ಎಲ್ಲ ಚಿಕಿತ್ಸೆಗೆ ಇಲ್ಲ. ಗೋವಿನಜೋಳದ ದುಡ್ಡು ಮೊದಲ ವಾರಕ್ಕೆ, ಎರಡನೆಯ ವಾರಕ್ಕೆ ಬಡ್ಡಿ ಸಾಲ, ಮೂರನೆಯದಕ್ಕೆ ಹೊಲದ ಮಾತು. ಆಗ ಒಂದು ದಿನ ವೈದ್ಯರು ಹಿರಿಮಗನನ್ನು ಬದಿಗೆ ಕರೆದು ಮೆಲ್ಲಗೆ ಹೇಳುತ್ತಾರೆ: 'ಏನೂ ಉಪಯೋಗಿಲ್ರಿ. ಇಟ್ಕೊಂತೀರೇನು, ಮನಿಗೆ ಒಯ್ತೀರೇನು ನೋಡ್ರಿ.'

ಒಯ್ಯುತ್ತೇವೆ ಎಂದರೆ ಒಂದು ಕಾಗದ ಬರುತ್ತದೆ. ವೈದ್ಯರ ಸಲಹೆಗೆ ವಿರುದ್ಧವಾಗಿ, ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ರೋಗಿಯನ್ನು ಕರೆದುಕೊಂಡು ಹೋಗುತ್ತಿದ್ದೇವೆ, ಮುಂದೆ ಆಗುವ ಯಾವುದಕ್ಕೂ ಆಸ್ಪತ್ರೆ ಹೊಣೆಯಲ್ಲ. ಕೆಳಗೆ ಸಹಿ, ಇಲ್ಲವೆ ಹೆಬ್ಬೆಟ್ಟು. ಗಂಟಲ ನಳಿಕೆಗೆ ಸಿಕ್ಕಿಸಿದ ರಬ್ಬರ್ ಚೀಲವನ್ನು ಅಂಬುಲೆನ್ಸಿನಲ್ಲಿ ಅಳಿಯನೋ ಮೊಮ್ಮಗನೋ ಒತ್ತುತ್ತಾ ಕೂರುತ್ತಾನೆ. ಒತ್ತುವುದನ್ನು ನಿಲ್ಲಿಸಿದರೆ ಅಜ್ಜ ಹೋಗುತ್ತಾನೆಂದು ಅವನಿಗೆ ಗೊತ್ತು. ಊರು ಮುಟ್ಟುವವರೆಗೆ ಕೈ ಸೋತರೂ ಬಿಡುವಂತಿಲ್ಲ. ಪಡಸಾಲೆಯಲ್ಲಿ ಹಾಸಿಗೆ ಹಾಸಿ, ಹಣೆಗೆ ವಿಭೂತಿ ಹಚ್ಚಿ, ಮೊಮ್ಮಕ್ಕಳಿಂದ ಬಾಯಿಗೆ ನೀರು ಬಿಡಿಸಿದ ಮೇಲೆ ಅಂಬುಲೆನ್ಸಿನ ಹುಡುಗ ನಳಿಕೆ ಎಳೆಯುತ್ತಾನೆ. ಕೆಲವರು ನಿಮಿಷದಲ್ಲಿ ಹೋಗುತ್ತಾರೆ. ಕೆಲವರು ಒಂದೆರಡು ದಿನ ಏದುಸಿರು ಬಿಡುತ್ತ ನರಳುತ್ತಾರೆ. ನೋವಿಗೆ ಮದ್ದಿಲ್ಲ, ಕಫ ತೆಗೆಯುವವರಿಲ್ಲ, ಕೇಳೋಣವೆಂದರೆ ವೈದ್ಯರಿಲ್ಲ.

ಸುಪ್ರೀಂ ಕೋರ್ಟು ಹದಿಮೂರು ವರ್ಷ ಚರ್ಚಿಸಿದ್ದೂ ಇದನ್ನೇ ಅಲ್ಲವೆ? ಚಿಕಿತ್ಸೆ ನಿಲ್ಲಿಸುವುದು ನಮ್ಮ ಹಳ್ಳಿಗಳಲ್ಲಿ ಯಾವಾಗಲೂ ನಡೆದೇ ಇದೆ. ಮಂಡಳಿಯ ಬದಲು ಸಾಲ ಕೊಟ್ಟವನು ಕೂತು ನಿರ್ಧರಿಸುತ್ತಾನೆ, ಅಷ್ಟೇ. ಮನೆಗೆ ಒಯ್ಯುವಾಗ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಆ ಕಾಗದದ ಮೇಲಿನ ಸುಳ್ಳನ್ನು ಗಮನಿಸಿ: ವೈದ್ಯರೇ ಸೂಚಿಸಿದ್ದನ್ನು ವೈದ್ಯರ ಸಲಹೆಗೆ ವಿರುದ್ಧ ಎಂದು ಬರೆಸಲಾಗುತ್ತದೆ. ಮಗ ಬದುಕಿರುವವರೆಗೆ, ಅಪ್ಪನನ್ನು ನಾನೇ ಕೊಂದೆ ಎಂಬ ಭಾರ ಹೊರುತ್ತಾನೆ. ಹಿಂದೆ ಹೇಳಿದೆನಲ್ಲ, ಶಾಸನಸಭೆಯ ಮೌನಕ್ಕೆ ಬೆಲೆ ತೆರುವವರು ಯಾರು ಎಂದು, ಇವನೇ.

2025ರ ಸುತ್ತೋಲೆಯ ನಿಜವಾದ ಉಪಯೋಗ, ನನ್ನ ಪ್ರಕಾರ, ಈ ಹೆಬ್ಬೆಟ್ಟಿನ ಕಾಗದವನ್ನು ಇಲ್ಲವಾಗಿಸುವುದರಲ್ಲಿದೆ. ಇಬ್ಬರು ಮೂವರು ತಜ್ಞರು ಕೂತು, ಇನ್ನು ಫಲವಿಲ್ಲ ಎಂದು ತಮ್ಮ ಹೆಸರಿನಲ್ಲಿ ಬರೆಯಲಿ. ಯಂತ್ರ ತೆಗೆಯುವುದೇ ಆದರೆ ಆಸ್ಪತ್ರೆಯಲ್ಲೇ, ನೋವಿನ ಮದ್ದು ಕೊಟ್ಟು, ಮನೆಯವರು ಹತ್ತಿರ ಇರುವಾಗ ತೆಗೆಯಲಿ. ಮನೆಗೇ ಒಯ್ಯುತ್ತೇವೆಂದರೆ ಮದ್ದಿನೊಂದಿಗೆ, ಫೋನ್ ನಂಬರಿನೊಂದಿಗೆ ಕಳಿಸಲಿ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಮಂಡಳಿ ಕೂಡುತ್ತದೆ, ಇಲ್ಲಿಯವರಿಗೆ ಹೆಬ್ಬೆಟ್ಟೇ ಗತಿ ಎಂದಾದರೆ ಐತಿಹಾಸಿಕ ಎಂಬ ಮಾತನ್ನು ಹಿಂದಕ್ಕೆ ಪಡೆಯಬೇಕಾಗುತ್ತದೆ.

ವಿರೋಧಿಸುವವರ ಒಂದು ಮಾತನ್ನು ಮಾತ್ರ ನಾನು ಹಗುರವಾಗಿ ತಳ್ಳಲಾರೆ. ಅದು ಆಸ್ತಿಯದು. ಹಾಸಿಗೆ ಹಿಡಿದವರ ಕೈ ಹಿಡಿದು ಮೃತ್ಯುಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದ ದಾವೆಗಳನ್ನು ಎರಡೂ ಕಡೆಯಿಂದ ನಡೆಸಿದ್ದೇನೆ. ಮಸಿ ಒಣಗುವ ಮೊದಲೇ ಅಣ್ಣತಮ್ಮಂದಿರು ಎದುರುಬದುರಾಗುವುದನ್ನು ನೋಡಿದ್ದೇನೆ. ಇನ್ನೊಂದೂ ಇದೆ, ಅದನ್ನು ಗಂಡಸರು ಹೇಳುವುದಿಲ್ಲ: ದುಡ್ಡು ಸಾಲದಾದಾಗ ಮನೆಯಲ್ಲಿ ಮೊದಲು ನಿಲ್ಲುವುದು ಹೆಂಗಸಿನ ಚಿಕಿತ್ಸೆ. ಅಂಗವಿಕಲರ ಪರವಾಗಿ ದುಡಿಯುವವರು ಜಗತ್ತಿನಾದ್ಯಂತ ಎತ್ತುತ್ತಿರುವ ಅಂಜಿಕೆಯೂ ಇದೇ ಬಗೆಯದು. 'ನಿನ್ನ ಜೀವ ನಮಗೆ ಭಾರ' ಎಂಬುದು ಕಾನೂನಿನ ಭಾಷೆಯಲ್ಲಿ ಬಂದರೆ 'ನಿನ್ನ ಹಕ್ಕು' ಎಂದು ಕೇಳಿಸಬಹುದು. ಆದರೆ ಈ ಅಂಜಿಕೆಗೆ ಉತ್ತರ ಕಾನೂನು ಬೇಡವೆನ್ನುವುದಲ್ಲ. ಈಗ ಕತ್ತಲೆಯಲ್ಲಿ ನಡೆಯುವುದರ ಮೇಲೆ ಇಬ್ಬರು ಹೊರಗಿನ ತಜ್ಞರ ಕಣ್ಣು ಬೀಳುವುದು ಆಸ್ತಿಗಾಗಿ ಅವಸರಪಡುವವನಿಗೇ ಹೆಚ್ಚು ತೊಂದರೆ.

ಸಾವಿನ ಹಕ್ಕಿಗಿಂತ ಮೊದಲು ಬರಬೇಕಾದ್ದು ನೋವಿನಿಂದ ಬಿಡುಗಡೆ. ಕ್ಯಾನ್ಸರಿನ ಕೊನೆಯ ನೋವಿಗೆ ಅಗ್ಗದ, ಒಳ್ಳೆಯ ಮದ್ದು ಮಾರ್ಫೀನ್ ಗುಳಿಗೆ. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಅದು ಆಸ್ಪತ್ರೆಗಳಿಂದಲೇ ಮಾಯವಾಗಿತ್ತು. ಹಲವು ಪರವಾನಗಿಗಳ ಗೋಜಿಗೆ ಹೆದರಿ ಔಷಧ ಅಂಗಡಿಯವರು ಇಡುವುದನ್ನೇ ಬಿಟ್ಟರು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿ ದೇಶಕ್ಕೆಲ್ಲ ಒಂದೇ ನಿಯಮ ತಂದಿತು. ತಂದು ಇಷ್ಟು ವರ್ಷವಾದರೂ, ನಮ್ಮ ಸೀಮೆಯಲ್ಲಿ ಹಲ್ಲು ಕಚ್ಚಿ ಸಾಯುತ್ತಿರುವವರ ಮನೆಗೆ ಆ ಗುಳಿಗೆ ಮುಟ್ಟುವುದು ಅಪರೂಪ. ಕರಿಬಸಮ್ಮನವರ ಪತ್ರಗಳನ್ನು ಈ ದೃಷ್ಟಿಯಿಂದಲೂ ಓದಬೇಕು. ಸಾಯಲು ಅನುಮತಿ ಕೊಡಿ ಎಂದವರಿಗೆ ಯಾರಾದರೂ, ನಿಮ್ಮ ನೋವಿಗೆ ಏನು ಮಾಡೋಣ ಎಂದು ಕೇಳಿದರೇ?

ಕೇರಳದವರು 2008ರಲ್ಲಿ ಉಪಶಮನ ಚಿಕಿತ್ಸೆಗೆ ಒಂದು ನೀತಿ ಮಾಡಿ ಅದನ್ನು ಪಂಚಾಯಿತಿಗಳ ಕೆಲಸವನ್ನಾಗಿಸಿದರು. ಪಂಚಾಯಿತಿಯ ದುಡ್ಡಿನಲ್ಲಿ ನರ್ಸ್ ಒಬ್ಬರು ಮನೆಮನೆಗೆ ಹೋಗಿ ಗಾಯ ತೊಳೆದು, ನಳಿಕೆ ಬದಲಿಸಿ, ಮದ್ದು ಕೊಟ್ಟು ಬರುತ್ತಾರೆ. ಅದರ ಹಿಂದೆ ವೈದ್ಯ ಎಂ.ಆರ್. ರಾಜಗೋಪಾಲ್ ಅಂಥವರ ಬಹಳ ವರ್ಷದ ದುಡಿಮೆಯಿದೆ. ನಮ್ಮ ಬೆಂಗಳೂರಿನಲ್ಲಿ ಕರುಣಾಶ್ರಯ 1999ರಿಂದ ಕ್ಯಾನ್ಸರಿನ ಕೊನೆಯ ಹಂತದವರನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಆದರೆ ಅದು ಬೆಂಗಳೂರಿನಲ್ಲಿದೆ. ಹಂಸಭಾವಿಗೆ ಬೇಕಾದದ್ದು ಕಟ್ಟಡವಲ್ಲ. ಸ್ಕೂಟರಿನ ಮೇಲೆ ಬರುವ ಒಬ್ಬ ನರ್ಸ್, ಒಂದು ಚೀಲ ಮದ್ದು, ಜಿಲ್ಲಾಸ್ಪತ್ರೆಯಿಂದ ಫೋನ್ ಎತ್ತುವ ಒಬ್ಬ ವೈದ್ಯರು. ಇಷ್ಟಕ್ಕೆ ಸಂಸತ್ತಿನ ಶಾಸನವೂ ಬೇಡ, ಸುಪ್ರೀಂ ಕೋರ್ಟೂ ಬೇಡ. ಗ್ರಾಮಸಭೆಯಲ್ಲಿ ಠರಾವು ಮಾಡಿ ಕ್ರಿಯಾಯೋಜನೆಗೆ ಸೇರಿಸಿ ಎಂದು ಒತ್ತಾಯಿಸಬಹುದು. ಚರಂಡಿ, ಸಿಸಿ ರಸ್ತೆಗಳ ಪಟ್ಟಿಯ ನಡುವೆ ಈ ಬೇಡಿಕೆ ಬಂದರೆ ಸದಸ್ಯರು ಮೊದಲು ಮುಖಮುಖ ನೋಡಿಕೊಂಡಾರು. ನೋಡಿಕೊಳ್ಳಲಿ.

ಕೊನೆಗೆ, ಲಿವಿಂಗ್ ವಿಲ್ ಬರೆಯಬೇಕೆನ್ನುವವರಿಗೆ ಕೆಲಸಕ್ಕೆ ಬರುವ ಮಾತು. ಅದಕ್ಕೆ 18 ವರ್ಷ ತುಂಬಿ ಬುದ್ಧಿ ಸ್ಥಿಮಿತದಲ್ಲಿರಬೇಕು, ಯಾರ ಒತ್ತಾಯವೂ ಇರಬಾರದು. ಯಾವ ಚಿಕಿತ್ಸೆ ಬೇಡ, ಯಾವ ಸ್ಥಿತಿಯಲ್ಲಿ ಬೇಡ ಎಂಬುದನ್ನು ಬಿಡಿಸಿ ಬರೆಯಿರಿ. 'ನನ್ನನ್ನು ಕಷ್ಟಪಡಿಸಬೇಡಿ' ಎಂದಷ್ಟೇ ಬರೆದರೆ ಐಸಿಯುದಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ. ಸಾಕ್ಷಿಗಳು ಆಸ್ತಿಯ ಪಾಲುದಾರರಾಗದಿರುವುದು ಲೇಸು. ನೋಟರಿಯ ದಾಖಲೆ ಪುಸ್ತಕದಲ್ಲಿ ನಮೂದಾಗಲಿ. ಒಂದು ಪ್ರತಿ ನೀವು ಹೆಸರಿಸಿದವರಿಗೆ, ಒಂದು ನಿಮ್ಮ ವೈದ್ಯರಿಗೆ, ಒಂದು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪಿಡಿಒ ನಮಗೆ ಆದೇಶ ಬಂದಿಲ್ಲ ಎಂದರೆ ಅದನ್ನೇ ಬರಹದಲ್ಲಿ ಕೊಡಿರೆಂದು ಕೇಳಿ; ಆ ಹಿಂಬರಹ ಇಟ್ಟುಕೊಂಡವರು ನಾಲ್ಕು ಜನ ಕೂಡಿದರೆ ಹೈಕೋರ್ಟಿನ ಧಾರವಾಡ ಪೀಠ ದೂರವಿಲ್ಲ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರಹದಲ್ಲಿ ರದ್ದು ಮಾಡಬಹುದು. ನಿಮ್ಮ ಪರವಾಗಿ ಮಾತಾಡುವವರೆಂದು ಒಬ್ಬರಿಗಿಂತ ಹೆಚ್ಚು ಜನರ ಹೆಸರು ಬರೆಯಬಹುದು. ಬರೀ ಹಿರಿಮಗನ ಹೆಸರು ಬರೆದು ಕೈ ತೊಳೆದುಕೊಳ್ಳಬೇಡಿ. ಕೊಟ್ಟ ಮನೆಯಿಂದ ಬಸ್ಸು ಹತ್ತಿ ಬಂದು ಆಸ್ಪತ್ರೆಯಲ್ಲಿ ನಿಮ್ಮ ಪಕ್ಕ ಕೂರುವ ಮಗಳ ಹೆಸರೂ ಇರಲಿ, ಅವಳನ್ನು ಕೇಳಿಯೇ ಬರೆಯಿರಿ.